ತಾರಾ ತಾಯಿಯ ಒಳಗಿಟ್ಟ ಕಲ್ಲು

ಝಾಂಗ್‌ಖಾರ್ ಹಳ್ಳಿ, ತ್ರಾಶಿಗಾಂಗ್ ಸೀಮೆ
ಭೂಮಿ-ಎತ್ತಿನ ವರ್ಷ, ಒಂಬತ್ತನೆಯ ತಿಂಗಳು, ಅಮಾವಾಸ್ಯೆ ಕಳೆದ ಮೇಲೆ

ಯಾಂಗ್‌ಡೆನ್‌ಳ ಅಪ್ಪನಿಗೆ,

ಹೇಗಿದ್ದೀಯ ಎಂದು ಮೊದಲು ಕೇಳಬೇಕು, ಗೊತ್ತು. ಆದರೆ ಕನಸನ್ನು ಹೇಳಿ ಇಳಿಸದ ಹೊರತು ಬೇರೆ ಮಾತು ಕೈಗೆ ಬರುತ್ತಿಲ್ಲ. ಅಮ್ಮ ಬಂದಿದ್ದಳು. ಗುಡಿಯ ಗೋಡೆಯನ್ನು ತಡವುತ್ತ ತಡವುತ್ತ ಬರುತ್ತಿದ್ದಳು. ಕಣ್ಣು ತೆರೆದೇ ಇದ್ದವು, ಆದರೂ ಕುರುಡರು ನಡೆಯುವ ಹಾಗೆ ಕಾಲನ್ನು ಮುಂದೆ ಚಾಚಿ ನೆಲ ಇದೆಯೋ ಇಲ್ಲವೋ ಎಂದು ನೋಡಿಕೊಂಡು ಹೆಜ್ಜೆ ಇಡುತ್ತಿದ್ದಳು. “ಲೆಕಿ, ದೀಪ ಹಚ್ಚೇ” ಎಂದಳು. ಗುಡಿಯ ತುಪ್ಪದ ದೀಪಗಳೆಲ್ಲ ಉರಿಯುತ್ತಲೇ ಇದ್ದವು. “ಹಚ್ಚಿದ್ದೀನಲ್ಲಮ್ಮ” ಎಂದೆ. “ಹಚ್ಚಿದ್ರೆ ನಂಗೆ ಯಾಕೆ ಕಾಣ್ತಿಲ್ಲ” ಎಂದು ಕೇಳಿದಳು. ಕೆಟ್ಟ ಕನಸನ್ನು ಹರಿಯುವ ನೀರಿಗೆ ಹೇಳಿದರೆ ಕೊಚ್ಚಿಕೊಂಡು ಹೋಗುತ್ತದೆ ಎಂದು ಬದುಕಿದ್ದಾಗ ಅವಳೇ ಹೇಳುತ್ತಿದ್ದಳಲ್ಲ, ಎದ್ದವಳೇ ನೀರು ತಿರುಗಿಸುವ ಪ್ರಾರ್ಥನಾಚಕ್ರದ ಹತ್ತಿರ ಹೋಗಿ ತೊರೆಗೆ ಹೇಳಿ ಬಂದೆ. ಕೊಚ್ಚಿಕೊಂಡು ಹೋಗಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಿನ್ನ ಕೆಮ್ಮು ಹೇಗಿದೆ? ಥಿಂಫುವಿನಲ್ಲಿ ಈಗಲೇ ಚಳಿ ಹಿಡಿದಿರಬೇಕು. ಮೂರ್ತಿಗೆ ಒಣ ಮಣ್ಣು ಜರಡಿ ಹಿಡಿಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊ, ಅಂಗಡಿಗೆ ಬಂದವರ ಮುಂದೆ ನಾಚಿಕೆ ಎಂದು ಬಿಡಬೇಡ. ಕಳೆದ ಸಲ ಕಳಿಸಿದ ಒಣಮೆಣಸಿನಕಾಯಿ ಮುಗಿದಿದೆಯೋ, ಹುಳ ಹಿಡಿದು ಚೆಲ್ಲಿದೆಯೋ, ನೀನು ಹೇಳಲಿಲ್ಲ. ನಿನ್ನ ಮೇಲೆ ಇಷ್ಟು ಸಿಟ್ಟಿದ್ದರೂ ಇದನ್ನೆಲ್ಲ ಕೇಳದೆ ಇರಲು ನನಗೆ ಬರುವುದಿಲ್ಲ. ಸಿಟ್ಟು ಯಾಕೆಂದು ಮುಂದೆ ಬರೆಯುತ್ತೇನೆ, ಕುಳಿತುಕೊಂಡು ಓದು. ನನ್ನ ಅಕ್ಷರ ನಿನಗೆ ಗೊತ್ತಲ್ಲ. ಮೂರನೆಯ ತರಗತಿಯಲ್ಲಿದ್ದಾಗ ಹಸು ಮೇಯಿಸಲು ಮನೆಗೆ ಕರೆದುಕೊಂಡು ಬಂದರು, ಅಲ್ಲಿಗೆ ನಿಂತ ಅಕ್ಷರ ಇದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು, ಆದರೆ ತಿಳಿಯಲಿಲ್ಲವೆಂದು ಅಂಗಡಿಯ ಹುಡುಗರ ಕೈಗೆ ಕೊಟ್ಟು ಓದಿಸಬೇಡ. ಫೋನಿನಲ್ಲಿ ಹೇಳಬಹುದಿತ್ತು. ಸಿಗ್ನಲ್ ಸಿಗುವುದು ಚೇಕಿಯ ಅಂಗಡಿಯ ಜಗಲಿಯಲ್ಲಿ ಮಾತ್ರ, ಅಲ್ಲಿ ಈಗ ನಾನು ಹೋಗಿ ನಿಂತರೆ ಅಡಿಕೆ ಅಗಿಯುವ ಬಾಯಿಗಳೂ ನಿಂತುಬಿಡುತ್ತವೆ.

ಭೂಮಿ ನಡುಗಿದ ದಿನ ನಾವು ಬದುಕಿದ್ದೇವೆ ಎಂದಷ್ಟೇ ನಿನಗೆ ತಿಳಿಸಿದೆವು. ಉಳಿದದ್ದನ್ನು ಕೇಳು. ನಮ್ಮ ಮನೆಯ ಪೂರ್ವದ ಗೋಡೆ ಬಿರಿದಿದೆ, ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೂ ಹೋಗುತ್ತದೆ. ಹಸು ಕೊಟ್ಟಿಗೆಯೊಳಗೆ ಕಾಲಿಡುತ್ತಿಲ್ಲ, ಅಂಗಳದಲ್ಲೇ ನಿಂತು ಹಾಲು ಕೊಡುತ್ತದೆ. ಅಟ್ಟದಲ್ಲಿ ತೂಗುಹಾಕಿದ್ದ ಜೋಳದ ತೆನೆಗಳೆಲ್ಲ ಒಮ್ಮೆಗೇ ಕಳಚಿ ಬಿದ್ದವು. ನಾನು ಮನೆಯೇ ಬಿತ್ತೆಂದುಕೊಂಡು ಓಡಿದೆ. ಯಾಂಗ್‌ಡೆನ್‌ಳ ಶಾಲೆಯ ಹಾಸ್ಟೆಲಿನ ಮಾಡು ಜರುಗಿದ್ದರಿಂದ ಮಕ್ಕಳನ್ನೆಲ್ಲ ಮನೆಗೆ ಕಳಿಸಿದ್ದಾರೆ. ಈಗ ಅವಳೂ ನಾನೂ ಅಡುಗೆಯ ಕೋಣೆಯಲ್ಲಿ ಒಲೆಯ ಆಚೆ ಈಚೆ ಮಲಗುತ್ತೇವೆ. ಇಲಿ ಓಡಿದರೂ ನಾನು ಎದ್ದು ಕುಳಿತುಕೊಳ್ಳುತ್ತೇನೆ. “ಅಮ್ಮ, ಭೂಮಿ ನಡುಗ್ತಿಲ್ಲ, ನೀನೇ ನಡುಗ್ತಿದ್ದೀಯ” ಎನ್ನುತ್ತಾಳೆ. ನಿನ್ನ ಮಗಳ ಬಾಯಿ ನಿನ್ನದೇ.

ಗುಡಿಯ ವಿಷಯ. ನೀನು ಮಣ್ಣಿನಲ್ಲಿ ಮಾಡಿದ ತಾರಾ ತಾಯಿ ಬೀಳಲಿಲ್ಲ. ಆದರೆ ಎಡ ಭುಜದಿಂದ ಸೊಂಟದವರೆಗೆ ಬಾಯಿ ಬಿಟ್ಟಳು. ಮುಖಕ್ಕೆ ಒಂದು ಗೀರೂ ಬಿದ್ದಿಲ್ಲ. ಮೊದಲ ದಿನ ಒಳಗೆ ಹೋಗಿ ನೋಡಿದವರೆಲ್ಲ ಅದನ್ನೇ ಹೇಳಿಕೊಂಡು ಅತ್ತರು. ಮೈ ಸೀಳಿಹೋದರೂ ಆ ಮುಖ ಹಾಗೇ ನಮ್ಮನ್ನು ನೋಡುತ್ತಿತ್ತು. ನಾನೂ ಅತ್ತೆ, ಅಳುತ್ತಲೇ ನಿನ್ನ ಕೈಯನ್ನು ಹೊಗಳಿದೆ. ಆಗ ನನಗೆ ಏನೂ ಗೊತ್ತಿರಲಿಲ್ಲ. ಬಿರುಕಿನ ಮೇಲೆ ಹಾಗೇ ಮಣ್ಣು ಮೆತ್ತುವಂತಿಲ್ಲ, ಒಳಗಿನ ಮಂತ್ರದ ಸುರುಳಿಗಳಿಗೆ ನೀರು ಇಳಿದಿದೆ, ತೆಗೆದು ಒಣಗಿಸಿ ಮತ್ತೆ ತುಂಬಬೇಕು ಎಂದು ಲೋಪೋನ್ ಗ್ಯೆಂಬೊ ಹೇಳಿದರು. ಹಿರಿಯ ಲೋಪೋನ್ ತೀರಿಕೊಂಡ ಮೇಲೆ ಗುಡಿಯ ಪೂಜೆ ಅವರ ಈ ಶಿಷ್ಯನ ಪಾಲಿಗೆ ಬಂದಿರುವುದು ನಿನಗೆ ಗೊತ್ತೇ ಇದೆ. ಒಳ್ಳೆಯವರು, ಆದರೆ ಎಲ್ಲದಕ್ಕೂ ಹೆದರುತ್ತಾರೆ. ಆ ವಿಷಯದಲ್ಲಿ ನಮ್ಮಿಬ್ಬರಿಗೆ ಸರಿಹೋಗುತ್ತದೆ. ಒಳ್ಳೆಯ ದಿನ ನೋಡಿ, ಎದುರಿಗೆ ಕನ್ನಡಿ ಇಟ್ಟು, ಕೆಲಸ ಮುಗಿಯುವವರೆಗೆ ಇದರೊಳಗೆ ಬಂದು ಕೂತಿರು ತಾಯಿ ಎಂದು ಅವಳನ್ನು ಬೇಡಿಕೊಂಡರು. ಕನ್ನಡಿಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಎತ್ತರದಲ್ಲಿಟ್ಟರು. ಆಮೇಲೆ ಬಿರುಕನ್ನು ಅಗಲ ಮಾಡಿದರು. ಆ ಸದ್ದು ಕೇಳಲಾಗಲಿಲ್ಲ. ಆ ಮಣ್ಣಿಗೆ ಬೆರೆಸುವ ಕಾಗದದ ತಿರುಳನ್ನು ಕುಟ್ಟಿದ್ದು ನಾವು ಹೆಂಗಸರಲ್ಲವೇ, ನನ್ನ ಅಂಗೈಯ ಬೊಕ್ಕೆಗಳಿಗೆ ನೀನು ಬೆಣ್ಣೆ ಹಚ್ಚಿದ್ದೆ.

ಒಳಗಿದ್ದದ್ದನ್ನು ಒಂದೊಂದಾಗಿ ತೆಗೆದು ಹೊಸ ಬಟ್ಟೆಯ ಮೇಲೆ ಇಟ್ಟರು. ಸುರುಳಿಗಳು, ಅಕ್ಕಿ, ಧೂಪದ ಎಲೆ, ಮತ್ತೆ ಆ ಕಾಲಕ್ಕೆ ಊರಿನ ಮನೆಮನೆಯಿಂದ ಕೊಟ್ಟದ್ದು. ಒಳಗೆ ಇಡಲು ಕೊಟ್ಟದ್ದನ್ನು ಕೊಟ್ಟವರು ಮರೆಯಬೇಕು, ಎಲ್ಲಿಟ್ಟಿರಿ ಎಂದು ಇಟ್ಟವನನ್ನು ಕೇಳಬಾರದು, ಕೇಳಿದರೆ ಕೊಟ್ಟ ಪುಣ್ಯ ಹೋಗುತ್ತದೆ. ನಾವೆಲ್ಲ ಹಾಗೇ ನಡೆದುಕೊಂಡವರು. ಯಾರು ಏನು ಕೊಟ್ಟರೆಂದು ಒಬ್ಬರಿಗೊಬ್ಬರು ಹೇಳಿಕೊಂಡೂ ಇರಲಿಲ್ಲ. ಆದರೆ ಕಣ್ಣ ಮುಂದೆ ಬಂದಾಗ ಯಾರಿಗೆ ತಾನೆ ಗುರುತು ಸಿಗುವುದಿಲ್ಲ? ಚೇಕಿ ತನ್ನ ಹವಳವನ್ನು ಕಂಡು ಬಾಯಿಗೆ ಹೆಗಲವಸ್ತ್ರ ಒತ್ತಿಕೊಂಡಳು. ಮೇಲಿನ ಮನೆಯ ಮುದುಕಿ ತನ್ನ ಗಂಡನ ಬೆಳ್ಳಿಯ ಎಲೆಪೆಟ್ಟಿಗೆಯ ಮುಚ್ಚಳವನ್ನು ನೋಡಿ ಕೈಮುಗಿದಳು. ನಾನು ಕಾಯುತ್ತಿದ್ದೆ. ಬಟ್ಟೆ ತುಂಬಿತು. ಲೋಪೋನ್ ತೋಳು ಇಳಿಬಿಟ್ಟು ಒಳಗೆಲ್ಲ ತಡವಿ, ಬರಿಗೈ ಹೊರಗೆ ತೆಗೆದು, “ಇಷ್ಟೇ” ಎಂದರು.

ಅಮ್ಮನ ಝೀ ಕಲ್ಲು ಅದರಲ್ಲಿ ಇರಲಿಲ್ಲ, ನಿದುಪ್.

ಅಮ್ಮನ ಕೊರಳಲ್ಲಿ ಆ ಕರಿಬಿಳಿ ಪಟ್ಟೆಯ, ಬೆಲೆಬಾಳುವ ಮೂರು ಕಣ್ಣಿನ ಕಲ್ಲನ್ನು ಊರೆಲ್ಲ ನೋಡಿತ್ತು, ಅವಳು ಹೋದ ಮೇಲೆ ಅದು ನನ್ನ ಕೊರಳಿಗೆ ಬರಲಿಲ್ಲವೆಂಬುದನ್ನೂ ನೋಡಿತ್ತು. ಕೊಟ್ಟದ್ದು ಎಲ್ಲಿಗೆ ಎಂದು ಊಹಿಸಲು ಯಾರಿಗೂ ಕಷ್ಟವಿರಲಿಲ್ಲ. ಎಲ್ಲರೂ ಬಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಯಾರೂ ನನ್ನನ್ನು ನೋಡಲಿಲ್ಲ. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಚೇಕಿ ಯಾರಿಗೂ ಅಲ್ಲ ಎನ್ನುವ ಹಾಗೆ, “ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ” ಎಂದಳು. ಮತ್ತೆ ನನ್ನ ಕಡೆ ತಿರುಗಿ, ಬಹಳ ಮರುಕದಿಂದ, “ನೀನು ಬೇಜಾರು ಮಾಡ್ಕೋಬೇಡ ಲೆಕಿ. ಮನೆಅಳಿಯ ಅಂದ್ರೆ ಹಾಗೇನೇ, ಕಾಲು ಒಳಗಿದ್ರೂ ಕಣ್ಣು ಹೊರಗೆ. ನನ್ನವನು ಬರೀ ಆರಾ ಕುಡೀತಾನೆ, ಅದೇ ವಾಸಿ” ಎಂದಳು. ನನಗೆ ಅವಳ ಮರುಕ ಅವಳ ಚುಚ್ಚುಮಾತಿಗಿಂತ ಹೆಚ್ಚು ಉರಿಯಿತು. ಮನೆಯಲ್ಲಿ ಯಾಂಗ್‌ಡೆನ್ ಇನ್ನೂ ನೇರ. “ಅಜ್ಜಿಯಿಂದ ನಿಂಗೆ, ನಿನ್ನಿಂದ ನಂಗೆ ಬರ್ಬೇಕಿತ್ತು ಅದು. ಕೊಟ್ಟಿದ್ದು ಅಜ್ಜಿ, ತಗೊಂಡಿದ್ದು ಅಪ್ಪ, ಕಳ್ಕೊಂಡಿದ್ದು ಮಾತ್ರ ನಾನು” ಎಂದಳು. ಅಪ್ಪನನ್ನು ಹಾಗೆ ಅನ್ನಬೇಡ ಎಂದು ಗದರಿಸಿದೆ. ಗದರಿಸುವಾಗ ನನ್ನ ದನಿಯಲ್ಲಿ ಬಲವಿರಲಿಲ್ಲ, ಅದು ಅವಳಿಗೆ ಗೊತ್ತಾಯಿತು.

ಕಲ್ಲನ್ನು ಕೊಟ್ಟ ದಿನ ನಿನಗೆ ನೆನಪಿದೆಯೇ? ಅಮ್ಮ ಹಾಸಿಗೆ ಹಿಡಿದಿದ್ದಳು, ಕಣ್ಣಿಗೆ ಪೊರೆ ಬಂದು ನಮ್ಮ ಮುಖಗಳೂ ಕಾಣುತ್ತಿರಲಿಲ್ಲ. “ಹೋಗೋ ದಾರೀಲಿ ನಂಗೆ ಒಂದು ಕಣ್ಣಾದ್ರೂ ಬೇಕಲ್ಲೋ. ಇದರಲ್ಲಿ ಮೂರಿವೆ. ತಾಯಿಯ ಒಳಗೆ ಇಟ್ಬಿಡು, ಅವಳು ನೋಡ್ಕೊಂಡು ನಂಗೆ ದಾರಿ ಹೇಳ್ತಾಳೆ” ಎಂದು ದಾರವನ್ನು ತಾನೇ ಹಲ್ಲಿನಿಂದ ಕಡಿದು ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ, ನಿನ್ನ ಕೈಗೆ ಕೊಟ್ಟಳು. ಹೆತ್ತ ಮಗಳಿಗಿಂತ ಬಂದ ಅಳಿಯನನ್ನು ನಂಬಿದಳಲ್ಲ ಎಂದು ನನಗೆ ಆಗ ಹೊಟ್ಟೆಕಿಚ್ಚೇ ಆಗಿತ್ತು, ಹೆಮ್ಮೆಯೂ ಆಗಿತ್ತು. ಮೂರ್ತಿಯ ಒಳಗು ತುಂಬುವ ದಿನಗಳಲ್ಲಿ ನೀನು ಮಾಂಸ ಬಿಟ್ಟೆ, ಬೆಳ್ಳುಳ್ಳಿ ಬಿಟ್ಟೆ, ಮನೆಗೆ ಬಾರದೆ ಗುಡಿಯಲ್ಲೇ ಮಲಗಿದೆ. ನಾನು ಬಾಗಿಲವರೆಗೆ ಊಟ ತಂದು ಇಟ್ಟು ಹೋಗುತ್ತಿದ್ದೆ. ಒಳಗಿದ್ದದ್ದು ಹಿರಿಯ ಲೋಪೋನ್ ಮತ್ತು ನೀನು, ಇಬ್ಬರೇ. ಅವರು ಇದ್ದಿದ್ದರೆ ಅವರ ಕಾಲು ಹಿಡಿದು ಕೇಳುತ್ತಿದ್ದೆ, ಪುಣ್ಯ ಹೋದರೆ ಹೋಗಲಿ. ಅವರಿಲ್ಲ. ಉಳಿದವನು ನೀನೊಬ್ಬನೇ. ನೀನು ಆ ಚಳಿಗಾಲ ಕಳೆಯುವ ಮೊದಲೇ ಥಿಂಫುವಿಗೆ ಹೊರಟೆ. ಮೊದಲು ಇನ್ನೊಬ್ಬರ ಕೈಕೆಳಗೆ ಎಂದೆ, ಹಿಂದೆಯೇ ನಿನ್ನದೇ ಅಂಗಡಿಯಾಯಿತು. ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿದವಳಲ್ಲ. ನಿನ್ನ ಕೈಯ ಕೆಲಸ ಚೆನ್ನಾಗಿದೆ, ಯಾರೋ ಮೆಚ್ಚಿ ಕೊಟ್ಟಿರಬೇಕು ಎಂದುಕೊಂಡಿದ್ದೆ. ಈಗ ಊರಿನವರು ಕೇಳುತ್ತಿದ್ದಾರೆ. ಅವರಿಗೆ ಹೇಳಲು ನನ್ನ ಹತ್ತಿರ ನನ್ನ ನಂಬಿಕೆ ಬಿಟ್ಟರೆ ಏನೂ ಇಲ್ಲ, ಅದನ್ನು ಯಾರೂ ಒಪ್ಪುವುದಿಲ್ಲ.

ಇಷ್ಟಾಗಿದ್ದರೆ ನಿನ್ನನ್ನು ಕಳ್ಳ ಎಂದು ಬರೆದು ಕಾಗದ ಮಡಿಸಿಬಿಡುತ್ತಿದ್ದೆ. ಆದರೆ ನಿನ್ನೆ ಪ್ರವಾಸಿಗರ ಗುಂಪೊಂದು ನಮ್ಮ ಊರನ್ನು ಹಾದುಹೋಯಿತು. ಗುಡಿಯ ಒಡೆದ ಗೋಡೆಯ ಫೋಟೊ ತೆಗೆದುಕೊಂಡರು; ತಾಯಿಯ ಫೋಟೊವನ್ನೂ ತೆಗೆಯಲು ಬಂದಾಗ ಲೋಪೋನ್ ಅಡ್ಡ ನಿಂತು ತಮ್ಮ ಹೊದ್ದ ವಸ್ತ್ರವನ್ನೇ ಬಿಚ್ಚಿ ಅವಳ ಮೈಗೆ ಮುಚ್ಚಿದರು. ಅವರ ಗೈಡ್ ಕುಂಗಾ ಎಂಬ ಪಾರೋ ಕಡೆಯ ಹುಡುಗ, ಇಸ್ತ್ರಿ ಮಾಡಿದ ಘೋ, ಮೊಣಕಾಲವರೆಗೆ ಕಾಲುಚೀಲ. ನಲ್ಲಿಯ ಹತ್ತಿರ ನಾನು ಕೊಡ ತುಂಬುತ್ತಿದ್ದಾಗ ನೀರು ಕೇಳಲು ಬಂದ. ಯಾರೋ ನಿನ್ನ ಹೆಸರು ಹೇಳಿರಬೇಕು. “ಅಕ್ಕಾ, ನಿದುಪ್ ಮೇಷ್ಟ್ರ ಮನೆಯವ್ರು ನೀವೇನಾ? ಎಷ್ಟೋ ಸಲ ಅವ್ರ ಅಂಗಡಿಗೆ ಗೆಸ್ಟ್‌ಗಳನ್ನ ಕರ್ಕೊಂಡು ಹೋಗಿದ್ದೀನಿ. ಮಣ್ಣು ಕಲಸ್ತಾ ಕಲಸ್ತಾ ಕತೆ ಹೇಳ್ತಾರೆ ನೋಡಿ, ಆ ದೊಡ್ಡ ದೊಡ್ಡ ಬಿಳಿ ಗಂಡಸ್ರು ಮೂಗು ಒರೆಸ್ಕೋತಾರೆ” ಎಂದ. ಯಾವ ಕತೆ ಎಂದು ಕೇಳಿದೆ. “ಅದೇ ಅಕ್ಕಾ, ಅತ್ತೆ ಸಾಯೋವಾಗ ಝೀ ಕಲ್ಲು ಕೊಟ್ಟಿದ್ದು. ಹೆಂಡ್ತಿಗೂ ಹೇಳ್ದೆ ತಾರಾ ತಾಯಿ ಹಣೆಯೊಳಗೆ ಇಟ್ಟೆ, ಇಟ್ಟ ಮೇಲೇನೇ ಆ ಮುಖಕ್ಕೆ ಜೀವ ಬಂತು ಅಂತಾರೆ. ನಿಜ ತಾನೆ? ನಾನು ಎಲ್ರಿಗೂ ನಿಜ ಅಂತಲೇ ಹೇಳಿದ್ದೀನಿ.” ಕೊಡ ತುಂಬಿ ಚೆಲ್ಲುತ್ತಿತ್ತು. ನನಗೆ ಗೊತ್ತಿಲ್ಲ ಎಂದೆ. ಅವನು ನಕ್ಕು, “ಹೌದಲ್ಲಾ, ನಿಮ್ಗೇ ಹೇಳಿಲ್ಲ ಅಂತ ತಾನೆ ಕತೆ” ಎಂದು ಬಾಟಲಿ ತುಂಬಿಸಿಕೊಂಡು ಹೋದ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ.

ಆಗಿನಿಂದ ನನ್ನ ತಲೆ ಒಂದೇ ಕಡೆ ಸುತ್ತುತ್ತಿದೆ. ಅದು ನೀನು ಕಟ್ಟಿದ ಕತೆಯಾಗಿದ್ದರೆ, ಕಲ್ಲನ್ನು ಮಾರಿದ್ದು ಸಾಲದೆಂದು ಅಮ್ಮನ ಸಾವನ್ನೂ ಅಂಗಡಿಯಲ್ಲಿಟ್ಟಿದ್ದೀಯ. ಅವಳು ಅಲ್ಲೆಲ್ಲೋ ಗೋಡೆ ತಡವಿಕೊಂಡು ಅಲೆಯುತ್ತಿರುವಾಗ ನೀನು ಅದನ್ನು ಹೇಳಿ ಗಿರಾಕಿಗಳನ್ನು ಅಳಿಸುತ್ತಿದ್ದೀಯ. ನಿಜವೇ ಆಗಿದ್ದರೆ, ಅದು ಇನ್ನೊಂದು ಬಗೆಯ ಏಟು. ನಾನು ಇಷ್ಟು ವರ್ಷ, ನೀನು ಊರಿಗೆ ಬಂದಾಗಲೂ, ಬಾಯಿ ಕಟ್ಟಿಕೊಂಡು ಬದುಕಿದೆ. ಆ ಕಲ್ಲು ಎಲ್ಲಿದೆ ಎಂದು ಕೇಳಬೇಕೆನಿಸಿದಾಗಲೆಲ್ಲ ನಾಲಿಗೆ ಕಚ್ಚಿಕೊಂಡೆ, ಅಮ್ಮನ ದಾರಿ ಕೆಡಬಾರದೆಂದು. ಮಲಗಿದಾಗ ಹೇಳಬೇಕೆಂದೇನಲ್ಲ, ಒಮ್ಮೆ ಗುಡಿಯಲ್ಲಿ ತಾಯಿಯ ಮುಂದೆ ನಿಂತಾಗ ನೀನು ನನ್ನ ಕಡೆ ನೋಡಿ ಕಣ್ಣಲ್ಲಿ ತೋರಿಸಿದ್ದರೂ ಸಾಕಿತ್ತು. ನನಗೆ ತೋರಿಸದ್ದನ್ನು ದಾರಿಹೋಕರಿಗೆ ಹೇಳಿದ್ದೀಯ, ದಿನಾ ಹೇಳಿದ್ದೀಯ, ನನಗೆ ಹೇಳಿಲ್ಲ ಎನ್ನುವುದನ್ನೂ ಸೇರಿಸಿ ಹೇಳಿದ್ದೀಯ. ಕಲ್ಲು ಕೊಟ್ಟವಳ ಮಗಳು ಮೂರ್ಖಳ ಹಾಗೆ ಮೌನ ಕಾಯುತ್ತಿದ್ದರೆ ಇಟ್ಟವನು ಜಗತ್ತಿಗೆಲ್ಲ ಸಾರುತ್ತಿದ್ದಾನೆ. ಯಾವುದನ್ನು ಬಯಸಲಿ ಹೇಳು. ನೀನು ಕಳ್ಳನಾಗಿರಲಿ ಎಂದೇ, ಬಾಯಿಬಡುಕನಾಗಿರಲಿ ಎಂದೇ?

ನೀನು ಹೀಗಿರಲಿಲ್ಲ. ತಾಯಿಗೆ ಕಣ್ಣು ಬರೆಯುವ ಮೊದಲು ನನ್ನನ್ನು ಎಬ್ಬಿಸಿಕೊಂಡು ಹೋಗಿದ್ದೆ, “ನೀನು ನೋಡಿ ಹೇಳು, ಇವ್ಳು ಸಿಟ್ಟಾಗಿದ್ದಾಳೋ ಸುಸ್ತಾಗಿದ್ದಾಳೋ” ಎಂದು ಕೇಳಿದ್ದೆ. ಸುಸ್ತಾಗಿದ್ದಾಳೆ, ಆದರೂ ಮಕ್ಕಳಿಗೆ ಊಟ ಬಡಿಸಿಯೇ ಮಲಗುತ್ತಾಳೆ ಎಂದೆ. ನೀನು ಹಾಗೇ ಬರೆದೆ. ಆ ಮುಖದಲ್ಲಿ ನನ್ನ ಮಾತೂ ಇದೆ ಎಂದು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ.

ಯಾಂಗ್‌ಡೆನ್ ಬರೆಯುವುದಿಲ್ಲವಂತೆ, ಆದರೆ ನಿನಗಾಗಿ ಮಡಕೆಯಲ್ಲಿ ತೆಗೆದಿಟ್ಟ ಮಜ್ಜಿಗೆ ಗಿಣ್ಣನ್ನು ಅವಳೂ ತಿಂದಿಲ್ಲ. ಬಸ್ಸಿನವರ ಕೈಯಲ್ಲಿ ಅದನ್ನೂ, ಮೆಣಸಿನಕಾಯಿಯನ್ನೂ ಕಳಿಸುತ್ತಿದ್ದೇನೆ. ಗಿಣ್ಣು ಹುಳಿಯಾಗಿದ್ದರೆ ಬಿಸಾಡಬೇಡ, ಸಾರಿಗೆ ಹಾಕು. ತಾರಾ ತಾಯಿ ಸದ್ಯಕ್ಕೆ ಕನ್ನಡಿಯಲ್ಲಿದ್ದಾಳೆ. ಅಲ್ಲಿಂದಲೇ ನಿನ್ನ ಎದೆಯನ್ನೂ ಕೆಮ್ಮನ್ನೂ ಕಾಯಲಿ. ಅದಕ್ಕಿಂತ ಹೆಚ್ಚು ಹರಸಲು ಈ ಹೊತ್ತು ನನ್ನಿಂದ ಆಗುತ್ತಿಲ್ಲ.

ನಿನ್ನ ಮನೆಯವಳು,
ಲೆಕಿ ಚೆಝೋಮ್

ಮರೆತೆ ಅಂದುಕೊಳ್ಳಬೇಡ, ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಬಸ್ಸು ಬಂದು ನಿಂತಿದೆ, ಡ್ರೈವರ್ ಚಹಾ ಕುಡಿಯುವಷ್ಟೇ ಹೊತ್ತು. ಗೈಡ್ ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ, ಯಾಂಗ್‌ಡೆನ್‌ಗೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಲೋಪೋನ್ ಹತ್ತಿರ ಹೋಗಿ, ಸುಮ್ಮನೆ ತಿಳಿದುಕೊಳ್ಳಲು ಎನ್ನುವ ಹಾಗೆ, ತಲೆಯೊಳಗೆ ನೋಡಿದಿರಾ ಎಂದು ಕೇಳಿದೆ. “ತಲೆಯನ್ನ ಬೇರೇನೇ ತುಂಬಿ ಕುತ್ತಿಗೇಲಿ ಮರದ ಬೆಣೆ ಹೊಡೆದು ಮುಚ್ಚಿದ್ದಾರಮ್ಮ, ಮೈಯಿಂದ ಕೈ ಹೋಗಲ್ಲ. ಬೆನ್ನು, ಹಿಂದಲೆ ಎರಡೂ ಗೋಡೆಗೆ ಕೂಡಿಕೊಂಡಿವೆ, ಆ ಕಡೆ ಮುಟ್ಟಿದ್ರೆ ಗೋಡೆ ಸಮೇತ ಬರುತ್ತೆ. ನೋಡ್ಲೇಬೇಕು ಅಂದ್ರೆ ಮುಖ ಒಡೀಬೇಕು. ಯಾಕೆ ಕೇಳ್ತೀಯ?” ಎಂದರು. ಸುಮ್ಮನೆ ಎಂದೆ. ತಾಯಿಯನ್ನು ಬಹಳ ದಿನ ಕನ್ನಡಿಯಲ್ಲಿ ಇಟ್ಟಿರಬಾರದು, ಬರುವ ಹುಣ್ಣಿಮೆಗೆ ಮುಚ್ಚಿಬಿಡುತ್ತಾರೆ. ನಾನು ಬಾಯಿ ಬಿಟ್ಟರೆ ಊರಿನವರು ಒಡೆಸಿ ನೋಡದೆ ಬಿಡುವವರಲ್ಲ, ಸುತ್ತಿಗೆಯನ್ನು ಚೇಕಿಯೇ ತರುತ್ತಾಳೆ. ಬಾಯಿ ಮುಚ್ಚಿಕೊಂಡರೆ ನೀನು ಸಾಯುವವರೆಗೂ, ಯಾಂಗ್‌ಡೆನ್ ಮದುವೆಯಾಗುವಾಗಲೂ, ಕಳ್ಳ. ಅದನ್ನು ಹೊರಲು ನಾನು ಸಿದ್ಧಳಿದ್ದೇನೆ. ಆ ಮುಖವನ್ನು ಒಡೆದು ಒಳಗೆ ಬರೀ ಅಕ್ಕಿ ಕಾಳು ಕಂಡರೆ ಅದನ್ನು ಮಾತ್ರ ಹೊರಲಾರೆ. ಆದ್ದರಿಂದ ನನ್ನನ್ನು ಸಮಾಧಾನ ಮಾಡಲು ಏನೂ ಬರೆಯಬೇಡ, ಕ್ಷಮೆ ಕೇಳಬೇಡ, ಅಂಗಡಿಯ ಲೆಕ್ಕ ಹೇಳಬೇಡ. ಕಣ್ಣು ಮುಚ್ಚಿಕೊಂಡು, ಬೆಣೆ ಹೊಡೆಯುವ ಮೊದಲು ನಿನ್ನ ಬಲಗೈ ಎಲ್ಲಿತ್ತು, ಅದರಲ್ಲಿ ಏನಿತ್ತು ಎಂದು ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು, ಆ ಒಂದನ್ನೇ ಹುಣ್ಣಿಮೆಗೆ ಮೊದಲು ತಿಳಿಸು: ಪ್ರವಾಸಿಗರಿಗೆ ಹಣೆಯಲ್ಲಿ ಎಂದು ಹೇಳುತ್ತೀಯಲ್ಲ, ಅದು ಹಣೆಯಲ್ಲೇ ಹೌದೇ?